ವರ್ಚುವಲ್ ಯಂತ್ರದ ವರ್ಗಾವಣೆ ಮತ್ತು ಎರಡು ಡ್ರೈವರ್‌ಗಳ ಬಗ್ಗೆ

ಮುಳುಗಡೆ ದಾಖಲಾತಿ ಶಾಖೆ, ಸಾಗರ
(ಹೊಸನಗರ ಮತ್ತು ತೀರ್ಥಹಳ್ಳಿ ಉಪಶಾಖೆಗಳನ್ನು ಒಳಗೊಂಡು)

ಸಂಖ್ಯೆ: ಮುದಾಶಾ/ಸಾ/ಗಣಕ/ವರ್ಗ/೧೭(ಅ)/೨೦೨೫-೨೬
ದಿನಾಂಕ: ೦೯-೦೪-೨೦೨೫

ಸುತ್ತೋಲೆ

ವಿಷಯ: ಕೈಗೆ ಸಿಗದ ಕಂಪ್ಯೂಟರನ್ನು ದೂರದ ದತ್ತಾಂಶ ಕೇಂದ್ರಕ್ಕೆ ವರ್ಗಾಯಿಸುವಾಗ ಅನುಸರಿಸತಕ್ಕ ಕ್ರಮಗಳ ಬಗ್ಗೆ.

ಉಲ್ಲೇಖ: ೧. ಎಲ್ಲ ಸರ್ವರ್‌ಗಳನ್ನೂ ಕ್ಲೌಡ್‌ಗೆ ಸ್ಥಳಾಂತರಿಸುವ ಬಗ್ಗೆ ಕೇಂದ್ರ ಕಚೇರಿಯ ಆದೇಶ.
೨. ಸದರಿ ಆದೇಶವನ್ನು ಮುಂದೂಡಿದ ಆದೇಶ.
೩. ಮುಂದೂಡಿದ್ದನ್ನು ಹಿಂಪಡೆದ ಆದೇಶ (೨ಕ್ಕಿಂತ ಮೊದಲೇ ತಲುಪಿರುತ್ತದೆ).
೪. ಗಣಕ ಸಹಾಯಕಿ ಕುಮಾರಿ ಬಿಂದು ಅವರ ಟಿಪ್ಪಣಿ ಮತ್ತು ಅದರ ಮೇಲೆ ಬರೆಯಲಾದ ಷರಾ.

೧. ಸುತ್ತೋಲೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯುವ ಪದ್ಧತಿ ಇಲಾಖೆಯಲ್ಲಿ ಇರುವುದಿಲ್ಲ. ಆದರೆ ಇದರ ಕರಡನ್ನು ಕಾರಣ ತಿಳಿಸದೆ ಕಳುಹಿಸಿದಾಗ ತೀರ್ಥಹಳ್ಳಿ ಉಪಶಾಖೆಯವರು ನಾಲ್ಕು ಸಲ ಫೋನ್ ಮಾಡಿ "ಯಾಕೆ?" ಎಂದು ಕೇಳಿರುವುದರಿಂದಲೂ, ಹೊಸನಗರ ಉಪಶಾಖೆಯವರು ಏನನ್ನೂ ಕೇಳದೆ ಪಾಲಿಸಲು ಹೊರಟು ಚೆನ್ನಾಗಿ ಓಡುತ್ತಿದ್ದ ಇನ್ನೊಂದು ಯಂತ್ರವನ್ನು ಆರಿಸಿಬಿಟ್ಟಿರುವುದರಿಂದಲೂ, ಸಂಗತಿಯನ್ನು ಮೊದಲಿನಿಂದ ಹೇಳುವುದು ಅನಿವಾರ್ಯವೆಂದು ಮನಗಾಣಲಾಗಿದೆ. ಸಂಬಂಧಪಟ್ಟವರ ಮಾತುಗಳನ್ನು ಅವರು ಆಡಿದಂತೆಯೇ ದಾಖಲಿಸಲಾಗಿದೆ. ವ್ಯಾಕರಣ ತಿದ್ದಿರುವುದಿಲ್ಲ.

೨. ಸಾಗರ ಕಚೇರಿಯ ಹಿಂದಿನ ಕೋಣೆಯಲ್ಲಿ, ಬೀಗದ ಕೈ ಕಳೆದುಹೋದ ಬೀರುವಿನ ಪಕ್ಕದಲ್ಲಿ, ಹನ್ನೆರಡು ವರ್ಷ ಹಳೆಯ ಸರ್ವರ್ ಪೆಟ್ಟಿಗೆ ಒಂದಿತ್ತು. ಅದರೊಳಗೆ ಎರಡು ವರ್ಚುವಲ್ ಯಂತ್ರಗಳು ಓಡುತ್ತಿದ್ದವು. ವರ್ಚುವಲ್ ಯಂತ್ರವೆಂದರೆ ಒಂದು ಗಟ್ಟಿ ಕಂಪ್ಯೂಟರಿನ ಒಳಗೆ ತಂತ್ರಾಂಶವೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್. ಅದು ಕೈಗೆ ಸಿಗುವುದಿಲ್ಲ, ಆದರೆ ಕೆಲಸ ಮಾಡುತ್ತದೆ. (ಕೈಗೆ ಸಿಕ್ಕೂ ಕೆಲಸ ಮಾಡದಿರುವ ಬಗ್ಗೆ ಇಲಾಖೆಯಲ್ಲಿ ಪ್ರತ್ಯೇಕ ಸುತ್ತೋಲೆಗಳಿವೆ.) ಎರಡರಲ್ಲಿ ಒಂದು ಸಿಬ್ಬಂದಿಯ ಹಾಜರಾತಿ ನೋಡಿಕೊಳ್ಳುತ್ತಿತ್ತು, ಅದರ ಬಗ್ಗೆ ಯಾರೂ ಚಿಂತಿಸಿದ್ದಿಲ್ಲ. ಇನ್ನೊಂದು ಲಿನಕ್ಸ್ ಯಂತ್ರ. ಅಣೆಕಟ್ಟಿನ ಹಿನ್ನೀರು ಬಂದಾಗ ಊರು ಬಿಟ್ಟು ಬಂದ ನಾಲ್ಕುನೂರ ಹನ್ನೆರಡು ಕುಟುಂಬಗಳ ಕೈಬರಹದ ರಿಜಿಸ್ಟರುಗಳೆಲ್ಲ ಸ್ಕ್ಯಾನ್ ಆಗಿ ಅದರಲ್ಲಿದ್ದವು. ಯಾರ ಮನೆ ಎಲ್ಲಿತ್ತು, ಹುಲ್ಲಿನದೋ ಹಂಚಿನದೋ, ಅಂಗಳದಲ್ಲಿ ಎಷ್ಟು ಮರ, ಕೊಟ್ಟಿಗೆಯಲ್ಲಿ ಎಷ್ಟು ದನ, ಲಾರಿ ಹತ್ತಿದ ಮಕ್ಕಳೆಷ್ಟು ಎಂಬುದೆಲ್ಲ ಅದರಲ್ಲಿತ್ತು. ಮೂಲ ರಿಜಿಸ್ಟರುಗಳು ಒರಲೆ (ಗೆದ್ದಲು) ಹಿಡಿದು ಪುಡಿಯಾಗಿ ನಾಲ್ಕು ವರ್ಷವಾಗಿದೆ. ಲೋಕದಲ್ಲಿ ಆ ಪುಟಗಳು ಉಳಿದದ್ದು ಆ ಒಂದು ಯಂತ್ರದಲ್ಲಿ ಮಾತ್ರ.

೩. ಆ ಪುಟಗಳನ್ನು ಸ್ಕ್ಯಾನ್ ಮಾಡಿದವರು ಕುಮಾರಿ ಬಿಂದು. ಹೊಸನಗರದ ಬಸ್ ಕಂಡಕ್ಟರ್ ಹುಲಿಯಪ್ಪನವರ ಮಗಳು; ಡಿಪ್ಲೊಮಾ ಓದಿದವರು; ಹೊರಗುತ್ತಿಗೆ ನೌಕರಿ, ಹನ್ನೊಂದು ತಿಂಗಳಿಗೊಮ್ಮೆ ನವೀಕರಣ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒರಲೆಮಣ್ಣು ಊದಿ ಊದಿ, ಮುಟ್ಟಿದರೆ ಉದುರುವ ಪುಟಗಳನ್ನು ಎರಡು ಅಂಗೈಗಳ ಮೇಲೆ ಹೊತ್ತು ಸ್ಕ್ಯಾನರಿನ ಗಾಜಿನ ಮೇಲೆ ಇಳಿಸಿದವರು. ಹೀಗೆ ಸಾವಿರದ ನೂರು ಪುಟ. ಈ ಕೆಲಸಕ್ಕೆ ಆಕೆಯ ಸೇವಾಪುಸ್ತಕದಲ್ಲಿ ನಮೂದು ಇರುವುದಿಲ್ಲ, ಏಕೆಂದರೆ ಹೊರಗುತ್ತಿಗೆಯವರಿಗೆ ಸೇವಾಪುಸ್ತಕ ಇರುವುದಿಲ್ಲ.

೪. ಉಲ್ಲೇಖ ೧ರ ಆದೇಶ ಬಂದಾಗ ಕಡತ ಶಾಖೆಯ ಅಧೀಕ್ಷಕರಾದ ಶ್ರೀ ಮಹಾಗಣಪತಿಯವರ ಮೇಜಿಗೆ ಹೋಯಿತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಅವರು ಎರಡು ಬಗೆಯ ಸ್ಥಳಾಂತರವನ್ನು ಮಾತ್ರ ಕಂಡವರು: ಜನರದ್ದು ಮತ್ತು ನೌಕರರದ್ದು. ಯಂತ್ರವು ಜನರಲ್ಲವಾದ್ದರಿಂದ ನೌಕರರ ನಿಯಮವೇ ಅನ್ವಯಿಸುತ್ತದೆಂದು ತೀರ್ಮಾನಿಸಿ, ಲಿನಕ್ಸ್ ಯಂತ್ರಕ್ಕೆ ಬಿಡುಗಡೆ ಆದೇಶ, ಬೇಬಾಕಿ ಪತ್ರ ಮತ್ತು ಆರು ದಿನಗಳ ಸೇರಿಕೆ ಕಾಲವನ್ನು ಮಂಜೂರು ಮಾಡಿದರು. ಯಂತ್ರವನ್ನು ಒಂದೇ ದೊಡ್ಡ ಫೈಲ್ ಆಗಿ ಇಳಿಸಿಕೊಳ್ಳಬೇಕು, ಅದಕ್ಕೆ ಇಮೇಜ್ ಎನ್ನುತ್ತಾರೆ ಎಂದು ಬಿಂದು ವಿವರಿಸಿದಾಗ, ಇಮೇಜನ್ನು ಮೂರು ಪ್ರತಿಗಳಲ್ಲಿ, ದೃಢೀಕರಿಸಿ ಸಲ್ಲಿಸುವಂತೆ ಸೂಚಿಸಿದರು. ಅದು ಕಾಗದಕ್ಕೆ ಇಳಿಯದ್ದರಿಂದ, ಪ್ರತಿ ತೆಗೆಯದೆ ಪರದೆಯ ಮೇಲೆಯೇ ಮೂರು ಮೊಹರು ಹಾಕಲಾಯಿತು.

ಆದ್ದರಿಂದ ಈ ಮೂಲಕ ತಿಳಿಯಪಡಿಸುವುದೇನೆಂದರೆ:

(ಅ) ಯಂತ್ರದ ಇಮೇಜಿಗೆ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಅಗತ್ಯವಿರುವುದಿಲ್ಲ. ಈಗಾಗಲೇ ಪರದೆಯ ಮೇಲೆ ಹಾಕಲಾದ ಮೊಹರುಗಳನ್ನು ಸ್ಪಿರಿಟ್‌ನಿಂದ ಒರೆಸತಕ್ಕದ್ದು.

(ಆ) ಯಂತ್ರಕ್ಕೆ ಬೀಳ್ಕೊಡುಗೆ ಸಮಾರಂಭ ಏರ್ಪಡಿಸಬಾರದು. ಹೊಸನಗರ ಉಪಶಾಖೆಯವರು ಈಗಾಗಲೇ ಹಂಚಿರುವ ಕೋಡುಬಳೆಯನ್ನು ಹಿಂಪಡೆಯಲಾಗುವುದಿಲ್ಲ.

೫. ಇನ್ನು ಮುಖ್ಯ ವಿಷಯಕ್ಕೆ ಬರಲಾಗುವುದು. ಹಳೆಯ ಪೆಟ್ಟಿಗೆಯಲ್ಲಿ ಓಡುತ್ತಿದ್ದ ಯಂತ್ರಕ್ಕೆ ಹಳೆಯ ಪೆಟ್ಟಿಗೆಯ ಡಿಸ್ಕು, ಹಳೆಯ ನೆಟ್‌ವರ್ಕ್ ಮಾತ್ರ ಗೊತ್ತು. ಕ್ಲೌಡಿನಲ್ಲಿ ಎರಡೂ ಬೇರೆ ಬಗೆಯವು. ಹೊರಡುವ ಮೊದಲೇ ಹೊಸ ಜಾಗದ ಡ್ರೈವರ್‌ಗಳನ್ನು, ಅಂದರೆ ಆ ಡಿಸ್ಕನ್ನೂ ಆ ನೆಟ್‌ವರ್ಕನ್ನೂ ಗುರುತಿಸುವ ಸಣ್ಣ ತಂತ್ರಾಂಶಗಳನ್ನು, ಯಂತ್ರದೊಳಗೆ ಸೇರಿಸಿ, ಎದ್ದ ಕೂಡಲೇ ಅವು ಕೈಗೆ ಸಿಗುವಂತೆ ಇಡಬೇಕು. ಇಲ್ಲವಾದರೆ ಅಲ್ಲಿ ಹೋಗಿ ಕಣ್ಣು ಬಿಡುವ ಹೊತ್ತಿಗೆ ತನ್ನ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಬಿಂದು ಇದನ್ನು ಚಿಕ್ಕದಾಗಿ, ಚೊಕ್ಕವಾಗಿ ಬರೆದರು: "ವರ್ಗಾವಣೆಗೆ ಮುನ್ನ ಎರಡು ಡ್ರೈವರ್ ಹಾಕಿಕೊಳ್ಳಬೇಕಾಗಿದೆ. ಡಿಸ್ಕಿಗೆ ಒಂದು, ನೆಟ್‌ವರ್ಕಿಗೆ ಒಂದು. ಮಂಜೂರಾತಿ ಕೋರಿದೆ."

೬. ಟಿಪ್ಪಣಿ ಮೂರನೆಯ ದಿನ ಹಿಂದಿರುಗಿತು. ಹಸಿರು ಶಾಯಿಯಲ್ಲಿ ಅಧೀಕ್ಷಕರ ಈ ಷರಾ ಇತ್ತು: "ಚಾಲಕರ ಹೊಸ ನೇಮಕಾತಿಗೆ ನಿರ್ಬಂಧವಿದೆ. ಇರುವ ಚಾಲಕ ಮಂಜಯ್ಯ ಅವರಿಂದಲೇ ನಿಭಾಯಿಸುವುದು."

೭. ಬಿಂದು ಕಾಗದ ಹಿಡಿದುಕೊಂಡು ಅಧೀಕ್ಷಕರ ಮೇಜಿಗೆ ಹೋದರು. ಅಲ್ಲಿ ನಡೆದ ಮಾತುಕತೆ:

"ಸರ್, ಇದು ಜೀಪ್ ಓಡ್ಸೋ ಡ್ರೈವರ್ ಅಲ್ಲ. ಕಂಪ್ಯೂಟರ್ ಒಳಗೆ ಹಾಕೋ ಡ್ರೈವರ್."

"ಒಳಗೋ ಹೊರಗೋ, ಡ್ರೈವರ್ ಡ್ರೈವರೇ ಅಲ್ವೇನಮ್ಮಾ?"

"ಹುದ್ದೆ ಅಲ್ಲ ಸರ್ ಅದು. ಸಾಫ್ಟ್‌ವೇರು. ಪುಕ್ಕಟೆ ಸಿಗತ್ತೆ."

ಶ್ರೀ ಮಹಾಗಣಪತಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಪ್ಪಾಗಿದೆ ಎಂಬುದು ಅವರಿಗೆ ಆ ಕ್ಷಣಕ್ಕೆ ಗೊತ್ತಾಗಿತ್ತು. "ಬರ್ದಾಗಿದೆಯಲ್ಲ ಬಿಂದು. ಈಗ ಹೊಡೆದು ಹಾಕಿದ್ರೆ ಯಾಕೆ ಹೊಡೆದ್ರಿ ಅಂತ ಆಡಿಟ್‌ನೋರು ಕೇಳ್ತಾರೆ. ಇದ್ದ ಹಾಗೇ ಕಳಿಸು. ಅಲ್ಲಿ ಹೋದ್ಮೇಲೆ ಅವ್ರು ಹಾಕ್ಕೋತಾರೆ."

"ಅಲ್ಲಿ ಹೋದ್ಮೇಲೆ ಅದು ಏಳೋದೇ ಇಲ್ಲ ಸರ್."

"ಏಳತ್ತೆ ಏಳತ್ತೆ. ಸರ್ಕಾರಿ ಯಂತ್ರ, ಸ್ವಲ್ಪ ತಡವಾಗಿ ಏಳತ್ತೆ."

೮. ಡಿಸ್ಕಿನ ಖಾಲಿ ಜಾಗದಲ್ಲಿ, ಹಿಂದೆ ಅಳಿಸಿದ ಫೈಲ್‌ಗಳ ಕಸ ಉಳಿದಿರುತ್ತದೆ, ಅಲ್ಲೆಲ್ಲ ಸೊನ್ನೆ ತುಂಬಿದರೆ ಇಮೇಜು ಕುಗ್ಗಿ ಬೇಗ ರವಾನೆಯಾಗುತ್ತದೆ ಎಂಬ ಬಿಂದು ಅವರ ಎರಡನೆಯ ಟಿಪ್ಪಣಿಗೂ ಇದೇ ಗತಿಯಾಯಿತು. ಷರಾ: "ಸರ್ಕಾರಿ ದಾಖಲೆಯಲ್ಲಿ ಸೊನ್ನೆ ತುಂಬತಕ್ಕದ್ದಲ್ಲ. ಮುಂದೆ ಯಾರಾದರೂ ಎಡಗಡೆ ಒಂದು ಸೇರಿಸುವ ಸಂಭವವಿರುತ್ತದೆ." ಹೀಗಾಗಿ ಒಂದು ದಿನದಲ್ಲಿ ಹೋಗಬಹುದಾಗಿದ್ದ ಇಮೇಜು, ಕಸದ ಸಮೇತ, ಕಚೇರಿಯ ಕಿರಿದಾದ ಇಂಟರ್ನೆಟ್ ತಂತಿಯಲ್ಲಿ ನಾಲ್ಕು ದಿನ ತೆವಳಿತು.

೯. ಕಳುಹಿಸುವ ಮೊದಲು ಬಿಂದು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದರು. ಇಮೇಜಿನ ಇನ್ನೊಂದು ಪ್ರತಿಯನ್ನು ತಮ್ಮ ಸ್ವಂತ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಮನೆಗೆ ಒಯ್ದು, ಥಂಡಿ ತಾಗದಂತೆ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರು. ಇದು ಇಲಾಖೆಯ ಮಾಹಿತಿ ಭದ್ರತಾ ನಿಯಮ ಏಳರ ನೇರ ಉಲ್ಲಂಘನೆ. ಶಿಕ್ಷೆ, ಗುತ್ತಿಗೆ ರದ್ದು. ಇದು ಆಕೆಗೆ ಗೊತ್ತಿತ್ತು, ಏಕೆಂದರೆ ಆ ನಿಯಮವನ್ನು ಬೆರಳಚ್ಚು ಮಾಡಿ ಗೋಡೆಗೆ ಅಂಟಿಸಿದವರೂ ಆಕೆಯೇ.

೧೦. ಫೆಬ್ರವರಿ ಹನ್ನೊಂದರ ಮಂಗಳವಾರ ದತ್ತಾಂಶ ಕೇಂದ್ರದಿಂದ "ಅಪ್‌ಲೋಡ್ ಯಶಸ್ವಿ" ಎಂಬ ಸಂದೇಶ ಬಂತು. ಫೈಲ್ ತಲುಪಿದೆ ಎಂಬುದಷ್ಟೇ ಅದರ ಅರ್ಥ. ಕಚೇರಿಯು ಅದನ್ನು ಕರ್ತವ್ಯಕ್ಕೆ ಹಾಜರಾದ ವರದಿಯೆಂದು ಪರಿಗಣಿಸಿತು. ಮರುದಿನವೇ ಕೇಂದ್ರ ಕಚೇರಿಯಿಂದ ದಾಸ್ತಾನು ತಪಾಸಕರಾದ ಶ್ರೀ ನಿಂಗಪ್ಪನವರು ಡ್ರಿಲ್ಲಿಂಗ್ ಯಂತ್ರದೊಂದಿಗೆ ಆಗಮಿಸಿದರು. ನಿರುಪಯುಕ್ತ ಸರ್ವರಿನ ಡಿಸ್ಕಿಗೆ ಎರಡು ತೂತು ಕೊರೆದೇ ಗುಜರಿಗೆ ಹಾಕಬೇಕೆಂಬುದು ನಿಯಮ. ಜಡವಸ್ತು ರಿಜಿಸ್ಟರಿನಲ್ಲಿ ಮೂರು ಯಂತ್ರಗಳು ನಮೂದಾಗಿದ್ದವು. ಎದುರಿಗೆ ಒಂದೇ ಪೆಟ್ಟಿಗೆ.

"ಇನ್ನೆರಡು ಎಲ್ಲವ್ವಾ?" ಎಂದು ಶ್ರೀ ನಿಂಗಪ್ಪನವರು ಕೇಳಿದರು.

"ಇದ್ರೊಳಗೇ ಇದ್ವು ಸರ್."

"ತೆಗದ್ ತೋರ್ಸು."

"ತೆಗ್ಯಕ್ ಬರಲ್ಲ ಸರ್. ಅವು ವರ್ಚುವಲ್."

ಶ್ರೀ ನಿಂಗಪ್ಪನವರು ಬಹಳ ಹೊತ್ತು ಪೆಟ್ಟಿಗೆಯ ಸುತ್ತ ಓಡಾಡಿ, ಮೂರು ಯಂತ್ರಗಳ ಬಾಬ್ತು ಒಟ್ಟು ಆರು ತೂತುಗಳನ್ನು ಅದೇ ಡಿಸ್ಕಿಗೆ ಕೊರೆದು, ರಿಜಿಸ್ಟರು ಸರಿದೂಗಿಸಿ, ಮೂರು ಗಂಟೆಯ ಬಸ್ಸಿಗೆ ಹೋದರು. ಡ್ರಿಲ್ಲಿನ ಸದ್ದು ನಿಲ್ಲುವವರೆಗೆ ಬಿಂದು ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು.

೧೧. ಗುರುವಾರ ಕ್ಲೌಡಿನಲ್ಲಿ ಯಂತ್ರವನ್ನು ಎಬ್ಬಿಸಲಾಯಿತು. ಅದು ಏಳಲಿಲ್ಲ. ಕಪ್ಪು ಪರದೆಯ ಮೇಲೆ, ಮೂಲ ಡಿಸ್ಕ್ ಕಾಣುತ್ತಿಲ್ಲ ಎಂಬ ಒಂದು ಸಾಲು ಬಂದು ಅಲ್ಲೇ ನಿಂತಿತು. ದತ್ತಾಂಶ ಕೇಂದ್ರದವರು ಮೂರು ದಿನ ಕಾದು, ಏಳದ ಇಮೇಜುಗಳನ್ನು ಅಳಿಸುವ ತಮ್ಮ ನಿಯಮದಂತೆ ಅಳಿಸಿಹಾಕಿದರು. ಅಲ್ಲಿಗೆ ಸರ್ಕಾರದ ಲೆಕ್ಕದಲ್ಲಿ ನಾಲ್ಕುನೂರ ಹನ್ನೆರಡು ಮನೆಗಳು ಎರಡನೆಯ ಸಲ ಮುಳುಗಿದವು. ಈ ವಾಕ್ಯವು ಸುತ್ತೋಲೆಯ ಶೈಲಿಗೆ ಹೊಂದುವುದಿಲ್ಲವೆಂದು ಆಕ್ಷೇಪಣೆ ಬಂದಿದ್ದು, ಪರಿಶೀಲಿಸಿ ಉಳಿಸಿಕೊಳ್ಳಲಾಗಿದೆ.

ಈ ಹಿನ್ನೆಲೆಯಲ್ಲಿ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

(ಇ) ಹೊಸ ಜಾಗದಲ್ಲಿ ಯಂತ್ರವು ಎದ್ದು, ಕನಿಷ್ಠ ಒಬ್ಬ ಅರ್ಜಿದಾರರಿಗೆ ಒಂದು ದಾಖಲೆಯನ್ನು ಕೊಟ್ಟು, ಅವರು ಅದನ್ನು ಓದಿ "ಹೌದು" ಎಂದ ನಂತರವೇ ಹಳೆಯದನ್ನು ಮುಟ್ಟತಕ್ಕದ್ದು.

(ಈ) ಕಾಣದ ಯಂತ್ರಗಳ ಲೆಕ್ಕಕ್ಕೆ ಕಾಣುವ ಯಂತ್ರದಲ್ಲಿ ತೂತು ಕೊರೆಯಬಾರದು. ಕಾಣದ ಯಂತ್ರಗಳಿಗೆ ಕಾಣದ ತೂತುಗಳನ್ನು ಕೊರೆದಿರುವುದಾಗಿ ಪ್ರಮಾಣಪತ್ರ ನೀಡಿದರೆ ಸಾಕು.

೧೨. ಫೆಬ್ರವರಿ ಇಪ್ಪತ್ತರ ಗುರುವಾರ ಹೊಸನಗರ ತಾಲೂಕಿನ ಶ್ರೀಮತಿ ಹುಲಿಗೆಮ್ಮನವರು ಕಚೇರಿಗೆ ಬಂದರು. ವಯಸ್ಸು ಸುಮಾರು ಎಪ್ಪತ್ತು. ಏಳು ವರ್ಷದ ಹುಡುಗಿಯಾಗಿದ್ದಾಗ ಮುಳುಗಡೆಯ ಲಾರಿಯಲ್ಲಿ ಬಂದವರು. ಅಂದು ತೋರಿಸಿದ ಜಾಗದಲ್ಲೇ ಇಂದಿಗೂ ಇದ್ದಾರೆ. ಆ ಜಾಗ ಒತ್ತುವರಿಯೆಂದು ತೆರವಿನ ನೋಟಿಸು ಬಂದಿದ್ದು, ಸೋಮವಾರ ವಿಚಾರಣೆ. ಅವರ ತಂದೆಯ ಹೆಸರು ಮುಳುಗಡೆ ರಿಜಿಸ್ಟರಿನಲ್ಲಿದೆ ಎಂಬ ದೃಢೀಕೃತ ಪ್ರತಿಯೊಂದನ್ನು ತೋರಿಸಿದರೆ ಮನೆ ಉಳಿಯುತ್ತದೆ.

"ಸರ್ವರ್ ಏಳ್ತಿಲ್ಲ ಅಜ್ಜಿ," ಎಂದರು ಬಿಂದು.

"ಮೈಗೆ ಹುಷಾರಿಲ್ವಾ ಅವರಿಗೆ?"

"ಮನುಷ್ಯರಲ್ಲ ಅಜ್ಜಿ. ಮಿಷನ್ನು."

"ಮಿಷನ್ನಾದ್ರೆ ಎಬ್ಸಬೌದಲ್ಲ ತಂಗಿ. ಮನುಷ್ಯರನ್ನ ಎಬ್ಸೋದು ಕಷ್ಟ," ಎಂದು ಹುಲಿಗೆಮ್ಮನವರು ಬೆಂಚಿನ ಮೇಲೆ ಕುಳಿತರು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

೧೩. ಶ್ರೀ ಮಹಾಗಣಪತಿಯವರು ನಿಯಮಾನುಸಾರ ಒಂದು ಹಿಂಬರಹವನ್ನು ಸಿದ್ಧಪಡಿಸಿದರು: "ಕೋರಿರುವ ದಾಖಲೆ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಅದನ್ನು ಮುದ್ರಿಸಿ ಕೊಡುವುದು ಬಿಂದು ಅವರ ಕೆಲಸ. ಆ ಒಂದು ಸಾಲಿನ ಕಾಗದ ಸೋಮವಾರ ವಿಚಾರಣೆಯಲ್ಲಿ ಏನು ಮಾಡುತ್ತದೆಂದು ಅಧೀಕ್ಷಕರಿಗೂ ಗೊತ್ತಿತ್ತು, ಬಿಂದುವಿಗೂ ಗೊತ್ತಿತ್ತು. ಬಿಂದು ಪರದೆಯ ಎದುರು ಕುಳಿತರು. ಅಕ್ಷರಗಳು ಸರಿಯಾಗಿದ್ದವು, ಪ್ರಿಂಟರಿನಲ್ಲಿ ಕಾಗದವೂ ಇತ್ತು. ಬೆರಳು ಮಾತ್ರ ಗುಂಡಿಯ ಮೇಲೆ ಇಳಿಯಲಿಲ್ಲ. ಗುತ್ತಿಗೆ ಮುಗಿಯಲು ನಲವತ್ತು ದಿನ ಉಳಿದಿದ್ದವು. ಕಾಪಿ ಇದೆ ಎಂದು ಬಾಯಿ ಬಿಟ್ಟರೆ ನಲವತ್ತು ದಿನವೂ ಇಲ್ಲ. ಬಾಯಿ ಬಿಡದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಬೆಂಚಿನ ಮೇಲಿದ್ದ ಹುಲಿಗೆಮ್ಮನವರು ಎಲೆಯಡಿಕೆ ಚೀಲ ಬಿಚ್ಚಿ, ಗೋಡೆಯ ಮೇಲಿನ ಉಗುಳಬಾರದೆಂಬ ಬರಹ ನೋಡಿ, ತಿನ್ನದೆ ಮತ್ತೆ ಕಟ್ಟಿಟ್ಟರು.

"ಸರ್," ಎಂದರು ಬಿಂದು. "ನನ್ ಹತ್ರ ಒಂದು ಕಾಪಿ ಇದೆ."

"ಎಂತದ್ದು?"

"ಇಮೇಜಿನ ಕಾಪಿ. ಮನೇಲಿ. ಅಕ್ಕಿ ಡಬ್ಬದಲ್ಲಿ."

ಅಧೀಕ್ಷಕರು ಗೋಡೆಗೆ ಅಂಟಿಸಿದ್ದ ನಿಯಮ ಏಳನ್ನು ಒಮ್ಮೆ ನೋಡಿದರು. ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಅರಳಸುರಳಿಯ ಕಡೆಯವರಾದ ಅವರು ಕಚೇರಿಯಲ್ಲಿ ಮನೆಮಾತು ಆಡಿದ್ದನ್ನು ಯಾರೂ ಕೇಳಿದ್ದಿಲ್ಲ. ಆಗ ಮಾತ್ರ ತಮಗೆ ತಾವೇ ಎಂಬಂತೆ, "ಎಂಗೆ ಎಂತದೂ ಗೊತ್ತಿಲ್ಲೆ," ಎಂದರು. ಆಮೇಲೆ ಬಿಂದುವಿನ ಕಡೆ ತಿರುಗಿ ಕೇಳಿದರು: "ಆ ಡ್ರೈವರು ಈಗ್ಲೂ ಹಾಕ್ಬೋದಾ?"

೧೪. ಹಾಕಬಹುದಾಗಿತ್ತು. ಯಂತ್ರವನ್ನು ಎಬ್ಬಿಸದೆಯೇ, ಅದರ ಡಿಸ್ಕನ್ನು ಬೇರೊಂದು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಒಳಹೊಕ್ಕು ಕೆಲಸ ಮಾಡುವ ವಿಧಾನವಿದೆ. ಬಿಂದು ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಅಂದೇ ಸಂಜೆಯೊಳಗೆ ಮಾಡಿದರು. ಎರಡು ಡ್ರೈವರ್ ಸೇರಿಸಿದರು. ಯಂತ್ರ ಏಳುವಾಗ ಮೊದಲು ಓದುವ ಫೈಲನ್ನು ಹೊಸದಾಗಿ ಕಟ್ಟಿದರು. ಡಿಸ್ಕನ್ನು ಹಳೆಯ ಹೆಸರಿನಿಂದ ಹುಡುಕದೆ ಅದರ ಖಾಯಂ ಗುರುತಿನ ಸಂಖ್ಯೆಯಿಂದ ಹುಡುಕುವಂತೆ ತಿದ್ದಿದರು. ಖಾಲಿ ಜಾಗಕ್ಕೆ ಸೊನ್ನೆ ತುಂಬಿದರು. ಕೊನೆಗೆ ಇಮೇಜನ್ನು ಕ್ಲೌಡ್ ಒಪ್ಪುವ ನಮೂನೆಗೆ ಪರಿವರ್ತಿಸಿದರು. (ಇಲಾಖೆಯಲ್ಲಿ ನಮೂನೆ ಒಂದರಿಂದ ನಲವತ್ತೊಂದರವರೆಗೆ ಇದ್ದು, ಈ ನಮೂನೆ ಅವುಗಳಲ್ಲಿ ಇರುವುದಿಲ್ಲ. ನಲವತ್ತೆರಡೆಂದು ಸೇರಿಸಲು ಪ್ರಸ್ತಾವನೆ ಕಳುಹಿಸಲಾಗಿದೆ.) ಇನ್ನೂರು ಜಿಬಿ ಇದ್ದ ಇಮೇಜು ಮೂವತ್ತೆಂಟಕ್ಕೆ ಇಳಿಯಿತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಅಧೀಕ್ಷಕರು, "ಬರೀ ಸೊನ್ನೆ ಇಷ್ಟೊಂದು ಕೆಲಸ ಮಾಡತ್ತೆ ಅಂತ ಗೊತ್ತಿರ್ಲಿಲ್ಲ," ಎಂದದ್ದನ್ನು ದಾಖಲಿಸಲಾಗಿದೆ.

೧೫. ಸಾಗರದ ತಂತಿ ನಂಬುವಂತಿರಲಿಲ್ಲ. ತೀರ್ಥಹಳ್ಳಿ ಉಪಶಾಖೆಗೆ ಹೊಸ ಫೈಬರ್ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಮೊದಲ ಖಾಸಗಿ ಬಸ್ಸಿಗೆ ಬಿಂದು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹತ್ತಿದರು. ಎರಡು ಸೀಟು ಮುಂದೆ ಶ್ರೀ ಮಹಾಗಣಪತಿಯವರು ಆಕಸ್ಮಿಕ ರಜೆ ಹಾಕಿ, ಬೇರೆ ಯಾರೋ ಎಂಬಂತೆ ಕುಳಿತಿದ್ದರು. ಹೊಸನಗರದಲ್ಲಿ, ಹಿಂದಿನ ದಿನ ಹೇಳಿದ್ದಂತೆ, ಹುಲಿಗೆಮ್ಮನವರು ಹತ್ತಿ, ಸೀದಾ ಬಂದು ಬಿಂದುವಿನ ಪಕ್ಕ ಕುಳಿತರು.

"ತಂಗಿ, ಈ ಡಬ್ಬದಾಗೆ ನಮ್ಮೂರು ಐತಾ?"

"ಊರಿಲ್ಲ ಅಜ್ಜಿ. ಊರಿನ ಪುಸ್ತಕ ಇದೆ."

"ನಮ್ಮಪ್ಪ?"

"ಇದಾರೆ. ಭೂತಪ್ಪ ಅಂತ. ಆರುನೂರ ಹದಿನಾಲ್ಕನೇ ಪುಟ."

ಪುಟದ ಸಂಖ್ಯೆ ಬಾಯಿಪಾಠ ಬಂದದ್ದು ಬಿಂದುವಿಗೇ ಆಶ್ಚರ್ಯವಾಯಿತು. ಹುಲಿಗೆಮ್ಮನವರು ಲ್ಯಾಪ್‌ಟಾಪಿಗೆ ಸುತ್ತಿದ್ದ ಟವೆಲ್ಲನ್ನು ಇನ್ನಷ್ಟು ಬಿಗಿ ಮಾಡಿದರು. ಆಮೇಲೆ ಮುಂದಕ್ಕೆ ಬಾಗಿ ಕೂಗಿದರು: "ಏ ಡ್ರೈವರಣ್ಣಾ, ವಸಿ ನಿಧಾನ ಹೋಗಪ್ಪಾ, ಕುಲುಕ್ತೈತೆ!"

೧೬. ತೀರ್ಥಹಳ್ಳಿಯಲ್ಲಿ ಹನ್ನೊಂದು ಗಂಟೆಗೆ ಶುರುವಾದ ಅಪ್‌ಲೋಡು, ನಡುವೆ ರಾತ್ರಿಯಿಡೀ ಕರೆಂಟು ಹೋಗಿ, ಶನಿವಾರ ಹತ್ತೂವರೆಗೆ ಮುಗಿಯಿತು. ಅಂದು ನಾಲ್ಕನೆಯ ಶನಿವಾರ, ರಜೆ. ಕಚೇರಿಯಲ್ಲಿ ಇದ್ದವರು ಮೂವರೇ. ಬಿಂದು ಯಂತ್ರವನ್ನು ಎಬ್ಬಿಸುವ ಗುಂಡಿ ಒತ್ತಿದರು. ಕಪ್ಪು ಪರದೆ. ಹತ್ತು ಸೆಕೆಂಡು ಏನೂ ಆಗಲಿಲ್ಲ. ಅಧೀಕ್ಷಕರು ಕನ್ನಡಕ ತೆಗೆದುಬಿಟ್ಟರು. ಆಮೇಲೆ ಒಂದು ಸಾಲು ಬಂತು, ಇನ್ನೊಂದು ಬಂತು, ಹಿಂದೆಯೇ ಸಾಲುಸಾಲಾಗಿ ಅಕ್ಷರಗಳು ಮೇಲೇರತೊಡಗಿದವು. ಡಿಸ್ಕು ಸಿಕ್ಕಿತ್ತು. ನೆಟ್‌ವರ್ಕು ಮಾತ್ರ ಸಿಗಲಿಲ್ಲ. ವರ್ಗವಾಗಿ ಬಂದ ಗುಮಾಸ್ತ ಹೊಸ ಕಚೇರಿಯಲ್ಲಿ ತನ್ನ ಹಳೆಯ ಕುರ್ಚಿಯನ್ನೇ ಹುಡುಕುವಂತೆ, ಯಂತ್ರವು ಹಳೆಯ ನೆಟ್‌ವರ್ಕ್ ಕಾರ್ಡಿನ ಹೆಸರನ್ನೇ ಹುಡುಕುತ್ತ ಕುಳಿತಿತ್ತು. ತಾನು ಮರೆತದ್ದು ಇದೊಂದೇ ಎಂದು ಬಿಂದು ನಾಲಿಗೆ ಕಚ್ಚಿಕೊಂಡರು. ಆ ಹೆಸರು ಬರೆದಿಟ್ಟಿದ್ದ ಫೈಲನ್ನು ಅಳಿಸಿ, ಇನ್ನೊಮ್ಮೆ ಎಬ್ಬಿಸಿದರು. ಎದ್ದಿತು. ಮಾತಾಡಿತು.

೧೭. ಪುಟ ಆರುನೂರ ಹದಿನಾಲ್ಕು ಪರದೆಯ ಮೇಲೆ ಬಂದಾಗ ಬಿಂದು ಅದನ್ನು ಗಟ್ಟಿಯಾಗಿ ಓದಿದರು: "ಭೂತಪ್ಪ. ಹುಲ್ಲಿನ ಮನೆ ಒಂದು. ಎಮ್ಮೆ ಮೂರು. ಹಲಸಿನ ಮರ ಎರಡು. ಮಕ್ಕಳು: ಹುಲಿಗೆ, ವಯಸ್ಸು ಏಳು." ಕೆಳಗೆ ಹೆಬ್ಬೆಟ್ಟಿನ ಗುರುತು, ಅಂಚು ಒರಲೆ ತಿಂದಿತ್ತು.

"ಹಲಸಿನ ಮರ ಮೂರಿದ್ವು," ಎಂದರು ಹುಲಿಗೆಮ್ಮನವರು. "ಒಂದು ಬಿಟ್ಟಾರೆ."

ಹುಲಿಗೆಮ್ಮನವರು ಹತ್ತಿರ ಬಂದು, ತಂದೆಯ ಹೆಬ್ಬೆಟ್ಟಿನ ಮೇಲೆ ತಮ್ಮ ಹೆಬ್ಬೆಟ್ಟನ್ನು ಇಟ್ಟು, ಹಾಗೆಯೇ ನಿಂತರು. ಪರದೆಯ ಮೇಲೆ ಗುರುತು ಉಳಿಯಿತು. ಸ್ವಚ್ಛತಾ ಸಿಬ್ಬಂದಿಗೆ ಅದನ್ನು ಒರೆಸಲು ಸೂಚಿಸಿರುವುದಿಲ್ಲ.

೧೮. ದೃಢೀಕೃತ ಪ್ರತಿಗೆ ರಜಾದಿನದಲ್ಲಿ ಸಹಿ ಹಾಕುವ ಅಧಿಕಾರ ತಮಗಿದೆಯೇ ಎಂದು ಯೋಚಿಸದೆ ಶ್ರೀ ಮಹಾಗಣಪತಿಯವರು ಸಹಿ ಹಾಕಿದರು. ಸೋಮವಾರ ವಿಚಾರಣೆಯಲ್ಲಿ ಆ ಪ್ರತಿಯನ್ನು ಒಪ್ಪಿಕೊಂಡು ತೆರವಿನ ನೋಟಿಸನ್ನು ಕೈಬಿಡಲಾಗಿದೆ.

೧೯. ಯಂತ್ರ ಎದ್ದಿತೆಂಬ ಸುದ್ದಿ ಕೇಂದ್ರ ಕಚೇರಿಗೆ ತಲುಪಿದಾಗ, ಆರು ತೂತು ಕೊರೆದ ಯಂತ್ರ ಎದ್ದದ್ದು ಹೇಗೆಂಬ ಪ್ರಶ್ನೆ ಬಂತು. ಪ್ರಶ್ನೆಯ ಹಿಂದೆಯೇ ಬಿಂದು ಅವರಿಗೆ ಕಾರಣ ಕೇಳಿ ನೋಟಿಸು ಬಂತು. ಆಕೆಯ ಸಮಜಾಯಿಷಿ ಎರಡು ಸಾಲಿನದು: "ಆ ಪುಟಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ಒಂದೇ ಕಾಪಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ." ಇದರೊಂದಿಗೆ ಅಧೀಕ್ಷಕರು, ಯಾರೂ ಕೇಳದಿದ್ದರೂ, ತಮ್ಮದೊಂದು ಸಮಜಾಯಿಷಿ ಲಗತ್ತಿಸಿದರು. ಚಾಲಕರ ಕುರಿತ ಷರಾ ತಮ್ಮದೇ ಎಂದೂ, ಬಿಂದು ವಿವರಿಸಿದಾಗಲೇ ತಪ್ಪೆಂದು ಗೊತ್ತಾಗಿದ್ದರೂ ಹೊಡೆದು ಹಾಕಲು ಅಂಜಿದೆನೆಂದೂ, ಕ್ರಮ ಜರುಗಿಸುವುದಿದ್ದರೆ ಮೊದಲು ತಮ್ಮ ಮೇಲೆ ಜರುಗಿಸಬೇಕೆಂದೂ ಬರೆದಿದ್ದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವ ಅಧಿಕಾರಿಯೊಬ್ಬರು ಹೀಗೆ ಬರೆದುಕೊಟ್ಟ ಪೂರ್ವನಿದರ್ಶನ ಇಲ್ಲದ್ದರಿಂದ, ಯಾವ ನಿಯಮದಡಿ ಶಿಕ್ಷಿಸಬೇಕೆಂದು ತಿಳಿಯದೆ, ಕೇಂದ್ರ ಕಚೇರಿಯು ಇಬ್ಬರಿಗೂ ಎಚ್ಚರಿಕೆ ನೀಡಿ ಪ್ರಕರಣವನ್ನು ಮುಕ್ತಾಯಗೊಳಿಸಿದೆ. ಬಿಂದು ಅವರ ಗುತ್ತಿಗೆಯನ್ನು ಹನ್ನೊಂದು ತಿಂಗಳಿಗೆ ನವೀಕರಿಸಲಾಗಿದೆ.

೨೦. ಮೇಲ್ಕಂಡ ಎಲ್ಲವನ್ನೂ ಪರಿಗಣಿಸಿ, ಅಂತಿಮವಾಗಿ ಈ ಕೆಳಗಿನಂತೆ ಸೂಚಿಸಲಾಗಿದೆ:

(ಉ) ಡ್ರೈವರ್ ಎಂಬ ಪದವಿರುವ ಯಾವುದೇ ಟಿಪ್ಪಣಿಯನ್ನು ತಿರಸ್ಕರಿಸುವ ಮುನ್ನ, ಸದರಿ ಡ್ರೈವರ್ ಊಟ ಮಾಡುತ್ತದೆಯೇ ಇಲ್ಲವೇ ಎಂದು ಬರೆದವರನ್ನು ಕೇಳತಕ್ಕದ್ದು. ಊಟ ಮಾಡದಿದ್ದಲ್ಲಿ ಮಂಜೂರು ಮಾಡತಕ್ಕದ್ದು.

(ಊ) ಫೆಬ್ರವರಿಯಲ್ಲಿ ಹೊಸನಗರಕ್ಕೂ ತೀರ್ಥಹಳ್ಳಿಗೂ ಪ್ರವಾಸ ಹೋಗಿ "ಯಂತ್ರ ಎಲ್ಲಿ ಸಿಕ್ಕಿಕೊಂಡಿದೆ" ಎಂದು ವಿಚಾರಿಸಿ ಬಂದ ಚಾಲಕ ಶ್ರೀ ಮಂಜಯ್ಯ ಅವರ ವರದಿಯನ್ನು ಸ್ವೀಕರಿಸಲಾಗಿದೆ. ಅವರ ತಪ್ಪಿರುವುದಿಲ್ಲ.

(ಋ) ಸರ್ಕಾರಿ ದಾಖಲೆಗಳ ಎರಡನೆಯ ಪ್ರತಿಯನ್ನು ಇನ್ನು ಮುಂದೆ ಅಧಿಕೃತವಾಗಿಯೇ ಇಡತಕ್ಕದ್ದು. ಇದಕ್ಕಾಗಿ ಪ್ರತಿ ಉಪಶಾಖೆಗೆ ಮುಚ್ಚಳವಿರುವ ಡಬ್ಬ ಒಂದನ್ನು ಸರಬರಾಜು ಮಾಡಲಾಗುವುದು. ಅಕ್ಕಿಯನ್ನು ಸಿಬ್ಬಂದಿಯೇ ತರತಕ್ಕದ್ದು. ಸದರಿ ಅಕ್ಕಿಯನ್ನು ಅನ್ನ ಮಾಡಬಾರದು.

(ೠ) ಮೂರನೆಯ ಹಲಸಿನ ಮರದ ಬಗ್ಗೆ ಶ್ರೀಮತಿ ಹುಲಿಗೆಮ್ಮನವರು ತಿದ್ದುಪಡಿ ಅರ್ಜಿ ಸಲ್ಲಿಸಿದ್ದು, ಸ್ಥಳ ಪರಿಶೀಲನೆ ಬಾಕಿ ಇರುತ್ತದೆ. ಸ್ಥಳವು ನೀರಿನಡಿ ಇರುವುದರಿಂದ ಅರ್ಜಿದಾರರ ನೆನಪನ್ನೇ ಪರಿಶೀಲನಾ ವರದಿಯೆಂದು ಪರಿಗಣಿಸಿ ಅಂಗೀಕರಿಸಲು ಶಿಫಾರಸು ಮಾಡಲಾಗಿದೆ.

ಸಹಿ/-
(ಮಹಾಗಣಪತಿ)
ಅಧೀಕ್ಷಕರು, ಮುಳುಗಡೆ ದಾಖಲಾತಿ ಶಾಖೆ, ಸಾಗರ

ಪ್ರತಿಗಳು:

೧. ಉಪಶಾಖೆ, ಹೊಸನಗರ: ಪಾಲಿಸುವ ಮೊದಲು ಓದಲು.
೨. ಉಪಶಾಖೆ, ತೀರ್ಥಹಳ್ಳಿ: ಓದಿದ ನಂತರ ಫೋನ್ ಮಾಡದಿರಲು.
೩. ಶ್ರೀ ನಿಂಗಪ್ಪ, ದಾಸ್ತಾನು ತಪಾಸಕರು: ಈ ಪ್ರತಿಯಲ್ಲಿ ಫೈಲ್ ಮಾಡಲು ಅಗತ್ಯವಿರುವ ಎರಡು ತೂತುಗಳನ್ನು ಮಾತ್ರ ಕೊರೆಯಲಾಗಿದೆ.
೪. ಶ್ರೀಮತಿ ಹುಲಿಗೆಮ್ಮ: ಇವರಿಗೆ ಪೂರ್ತಿ ಓದಿ ಹೇಳಲಾಗಿದೆ. "ಇಷ್ಟುದ್ದ ಯಾಕೆ ಬರೆದ್ರಿ, ತಂಗಿ ಎಬ್ಸಿದ್ಳು ಅಂದ್ರೆ ಸಾಕಾಗ್ತಿತ್ತು" ಎಂಬ ಅವರ ಅಭಿಪ್ರಾಯವನ್ನು ಕಡತದಲ್ಲಿ ಇರಿಸಲಾಗಿದೆ.
೫. ಕುಮಾರಿ ಬಿಂದು, ಗಣಕ ಸಹಾಯಕಿ: ಈ ಸುತ್ತೋಲೆಯನ್ನು ಬೆರಳಚ್ಚು ಮಾಡಿದವರು ಇವರೇ ಆದ್ದರಿಂದ ಪ್ರತಿ ಕಳುಹಿಸುವ ಅಗತ್ಯವಿರುವುದಿಲ್ಲ. ಬೆರಳಚ್ಚು ಮಾಡುವಾಗ ತಮ್ಮನ್ನು ಕುರಿತ ಒಂದು ವಾಕ್ಯವನ್ನು ಇವರು ಕೈಬಿಟ್ಟಿರುವುದು ಸಹಿ ಹಾಕುವಾಗ ಗಮನಕ್ಕೆ ಬಂದಿದ್ದು, ಅದನ್ನು ಎಲ್ಲ ಪ್ರತಿಗಳಲ್ಲೂ ಅಧೀಕ್ಷಕರು ಕೈಬರಹದಲ್ಲಿ ಮತ್ತೆ ಸೇರಿಸಿರುತ್ತಾರೆ: "ಇವರಿಲ್ಲದಿದ್ದರೆ ಇಲಾಖೆ ಉಳಿಯುತ್ತಿತ್ತು, ಅದು ಯಾರಿಗಾಗಿ ಇದೆಯೋ ಅವರು ಉಳಿಯುತ್ತಿರಲಿಲ್ಲ."